ಕಡಲ ಹುಂಜ ನಾಲ್ಕು, ಕರಡು ಆರು ಅಡಿ

ಧಾರೇಶ್ವರದ ಶಾಂತಾರಾಮನಿಗೆ ಗೊತ್ತಿಲ್ಲದ ಕನ್ನಡ ಶಬ್ದವೇ ಇರಲಿಲ್ಲ. ಗೊತ್ತಿಲ್ಲದ್ದು ಎದುರಾದರೆ ನಿಂತ ನಿಲುವಿನಲ್ಲೇ ಒಂದನ್ನು ಹುಟ್ಟಿಸುತ್ತಿದ್ದ.

ಹೊನ್ನಾವರದಲ್ಲಿ ಹೊಳೆಗೆ ಮುಖ ಮಾಡಿದ್ದ ಒಂದು ಸರಕಾರಿ ಕಚೇರಿಯಲ್ಲಿ ಅವನು ಹದಿನಾಲ್ಕು ವರ್ಷದಿಂದ ಗುಮಾಸ್ತನಾಗಿದ್ದ. ಯಾವ ಕಚೇರಿ ಎಂದು ಹೇಳುವುದು ಬೇಡ. ಅಲ್ಲಿ ದುಡಿದವರ ಮಕ್ಕಳು ಮೊಮ್ಮಕ್ಕಳು ಈಗಲೂ ಅದೇ ಪೇಟೆಯಲ್ಲಿ ಮರ್ಯಾದೆಯಿಂದ ಬಾಳುತ್ತಿದ್ದಾರೆ. ಮೊದಲ ಏಳು ವರ್ಷ ಅವನು ಮುಂಬೈ ಸರಕಾರದ ಅನ್ನ ಉಂಡ, ಮುಂದಿನ ಏಳು ವರ್ಷ ಮೈಸೂರು ಸರಕಾರದ್ದು. ಕುರ್ಚಿ ಮಾತ್ರ ಬದಲಾಗಲಿಲ್ಲ. ಸಾಧ್ಯವಿದ್ದಷ್ಟು ಮಟ್ಟಿಗೆ ಕಾಗದಪತ್ರ ಕನ್ನಡದಲ್ಲೇ ನಡೆಯಲಿ ಎಂದು ಮೇಲಿನಿಂದ ಸೂಚನೆ ಬಂದಾಗ ಉಳಿದವರೆಲ್ಲ ತಲೆ ಮೇಲೆ ಕೈ ಹೊತ್ತು ಕೂತರು. ಶಾಂತಾರಾಮ ಮಾತ್ರ ಹೊಸ ಲೇಖನಿ ಕೊಂಡ. ಮೇಜಿನ ಮೇಲೆ ಕಾಗದ ಹಾರದಂತೆ ಇಡುವ ಗಾಜಿನ ಗುಂಡಿಗೆ ಅವನು ‘ಹಾರುನಿರೋಧಕ’ ಎಂದು ಹೆಸರಿಟ್ಟು, ಅಂಥವು ಹನ್ನೆರಡು ಬೇಕೆಂದು ಬೇಡಿಕೆ ಕಳಿಸಿದ. ಮೇಲಿನಿಂದ ಹನ್ನೆರಡು ಸೊಳ್ಳೆಪರದೆ ಬಂದವು. ಅವನ್ನು ಯಾರೂ ವಾಪಸು ಕಳಿಸಲಿಲ್ಲ.

ಕಚೇರಿಯ ಮುಖ್ಯಸ್ಥರು ಕುಮಟೆಯ ರಮಾನಂದ ಸಾಹೇಬರು. ಇಂಗ್ಲಿಷ್ ಬಲ್ಲವರು, ಕನ್ನಡ ಮಾತಾಡುವವರು, ಕನ್ನಡ ಬರೆಯಬೇಕಾದರೆ ಬೆವರುವವರು. ಆ ವರ್ಷ ಹೆಡ್‌ಕ್ಲಾರ್ಕ್ ಹುದ್ದೆ ಖಾಲಿಯಾಗುವುದರಲ್ಲಿತ್ತು. “ಶಾಂತಾರಾಮ, ನೀನು ಹೀಗೇ ತರ್ಜುಮೆ ಮಾಡ್ತಾ ಹೋದ್ರೆ ನಿನ್ನ ಹೆಸರು ನಾನೇ ಬರೀತೆ” ಎಂದು ಸಾಹೇಬರು ಒಮ್ಮೆ ಅಂದಿದ್ದರು. ಅಂದಿನಿಂದ ಶಾಂತಾರಾಮ ಬಸ್ಸಿನಲ್ಲೂ ತರ್ಜುಮೆ ಮಾಡುತ್ತಿದ್ದ.

ಇಂಥ ಹೊತ್ತಿನಲ್ಲಿ, ವೈಶಾಖ ಹುಣ್ಣಿಮೆಯ ಬೆಳಿಗ್ಗೆ, ಉಬ್ಬಿ ಬಂದ ಭರತದ ನೀರಿನ ಮೇಲೆ ಒಂದು ಬಿಳಿ ಹಾಯಿದೋಣಿ ಶರಾವತಿ ಕಡಲು ಸೇರುವ ಅಳಿವೆ ದಾಟಿ ಒಳಗೆ ಬಂತು. ಚುಕ್ಕಾಣಿ ಸೀಳಿ ಹೋಗಿತ್ತು. ಅಳಿವೆಯ ಬಾಯಲ್ಲಿ ಬಲೆ ಬಿಡುತ್ತಿದ್ದ ಶುಕ್ರ ಎಂಬ ಮೀನುಗಾರ ತನ್ನ ಪುಟ್ಟ ಪಾತಿದೋಣಿಯಲ್ಲಿ ಎದ್ದು ನಿಂತು, ಎಲ್ಲಿ ಮರಳು ಎಲ್ಲಿ ನೀರು ಎಂದು ಕೈಸನ್ನೆ ಮಾಡುತ್ತ ಅದನ್ನು ಒಳಗೆ ಕರೆತಂದ. ದೋಣಿಯಲ್ಲಿ ಇಬ್ಬರೇ: ಐವತ್ತರ ಆಸುಪಾಸಿನ ಹಾರ್ಡಿಂಗ್ ಎಂಬ ಬಿಳಿಯ, ಮತ್ತು ಅವನ ಹೆಂಡತಿ. ನ್ಯೂಜಿಲೆಂಡಿನವರಂತೆ. ಇಂಗ್ಲೆಂಡಿನಲ್ಲಿ ದೋಣಿ ಕಟ್ಟಿಸಿಕೊಂಡು, ಅದರಲ್ಲೇ ಸಮುದ್ರದ ಮೇಲೆ ಮನೆಗೆ ಹೊರಟಿದ್ದರು. ಇಷ್ಟು ದೂರ ಹಡಗಿನ ಟಿಕೀಟು ತೆಗೆದು ಹೋಗುವ ಬದಲು ಇವರಿಗೆ ಎಂತ ಆಗಿದೆ ಎಂದು ಪೇಟೆಯವರು ಮರುಗಿದರು. ಊರ ಆಚಾರಿ ಹೊಸ ಚುಕ್ಕಾಣಿ ಕೆತ್ತತೊಡಗಿದ.

ಪರದೇಶದ ದೋಣಿ ಬಂದಮೇಲೆ ಅದರ ವಿವರ ಮೇಲಕ್ಕೆ ಹೋಗಬೇಕಲ್ಲ. ರಮಾನಂದ ಸಾಹೇಬರು ಹಾರ್ಡಿಂಗನಿಂದ ದೋಣಿಯ ರಚನೆಯ ವಿವರ ಟೈಪು ಮಾಡಿದ ಒಂದು ಹಾಳೆ ಪಡೆದು ಶಾಂತಾರಾಮನ ಮೇಜಿನ ಮೇಲಿಟ್ಟರು. “ಸಂಜೆ ಟಪ್ಪಾಲಿಗೆ ಹೋಗಬೇಕು. ನಾಲ್ಕು ಪ್ರತಿ ಮಾಡು: ಜಿಲ್ಲೆಗೊಂದು, ಪೊಲೀಸರಿಗೊಂದು, ಆರೋಗ್ಯದವರಿಗೊಂದು, ನಮಗೊಂದು. ಬೇಕಿದ್ರೆ ದೋಣಿಗೆ ಹೋಗಿ ಕಣ್ಣಾರೆ ನೋಡ್ಕಂಡು ಬಾ.”

ನೀರಿನ ಮೇಲೆ ಕಾಲಿಟ್ಟರೆ ಶಾಂತಾರಾಮನಿಗೆ ತಲೆ ತಿರುಗುತ್ತಿತ್ತು. ಹೊಳೆ ದಾಟುವ ಲಾಂಚಿನಲ್ಲೂ ಅವನು ಕಣ್ಣು ಮುಚ್ಚಿಯೇ ಕೂರುವುದು. “ನೋಡುವ ಅಗತ್ಯ ಇಲ್ಲ ಸರ್, ಡಿಕ್ಷನರಿ ಅದೆಯಲ್ಲ” ಎಂದ.

ಮೊದಲ ಸಾಲಿನಲ್ಲೇ ‘ಡ್ರಾಫ್ಟ್, ಆರು ಅಡಿ’ ಎಂದಿತ್ತು. ಡ್ರಾಫ್ಟ್ ಎಂದರೆ ಏನೆಂದು ಕೇಳಬೇಕೆ? ಕಚೇರಿಯಲ್ಲಿ ದಿನಕ್ಕೆ ಹತ್ತು ಸಲ ಮಾಡುವ ಕೆಲಸ. ‘ಕರಡು: ಆರು ಅಡಿ’ ಎಂದು ಬರೆದ. ಮುಂದೆ ‘ಲೀಡ್, ಮೂರು ಟನ್’. ಯುದ್ಧದ ಕಾಲದ ವರ್ತಮಾನ ಪತ್ರಿಕೆಗಳಲ್ಲಿ ಈ ಶಬ್ದ ಓದಿದ್ದ. ‘ಮುಂದಾಳತ್ವ: ಮೂರು ಟನ್’ ಎಂದು ಬರೆದ. ‘ಬರ್ತ್, ನಾಲ್ಕು’ ಎಂಬಲ್ಲಿ ‘ಐ’ ಇರಬೇಕಾದ ಕಡೆ ‘ಇ’ ಬಿದ್ದು ಒಂದು ಅಕ್ಷರ ತಪ್ಪಿದ್ದು ಕಂಡು ಅವನಿಗೆ ಬಹಳ ಸಂತೋಷವಾಯಿತು. ರೈಲನ್ನೇ ಕಾಣದ ಸೀಮೆಯಲ್ಲಿ ಹುಟ್ಟಿದವನು. ಬಿಳಿಯರಿಗೂ ಸ್ಪೆಲಿಂಗ್ ತಪ್ಪುತ್ತದೆ ಎಂದುಕೊಂಡು, ದೊಡ್ಡ ಮನಸ್ಸಿನಿಂದ ತಿದ್ದಿ, ‘ಹೆರಿಗೆ: ನಾಲ್ಕು’ ಎಂದು ಬರೆದ. ‘ಹೆಡ್, ಬಾಗಿಲು ಸಹಿತ’ ಎಂಬುದು ‘ತಲೆ: ಒಂದು, ಬಾಗಿಲಿನ ಹಿಂದೆ’ ಆಯಿತು.

‘ಕಾಕ್‌ಪಿಟ್’ ಎಂಬಲ್ಲಿ ಮಾತ್ರ ಅವನು ಕ್ಷಣ ಲೇಖನಿ ಕೆಳಗಿಟ್ಟ. ಕಾಕ್ ಎಂದರೆ ಹುಂಜ, ಪಿಟ್ ಎಂದರೆ ಗುಂಡಿ. ಕೋಳಿ ಅಂಕ! ಹುಂಜಗಳನ್ನು ಕಾದಾಡಿಸುವ, ಸರಕಾರ ನಿಷೇಧಿಸಿದ ಆಟ. ಆದರೆ ಕೆಳಗೆಯೇ ‘ಸೀ-ಕಾಕ್, ಕಂಚು, ನಾಲ್ಕು’ ಎಂದು ಇದ್ದುದರಿಂದ ಅನುಮಾನಕ್ಕೆ ಎಡೆ ಉಳಿಯಲಿಲ್ಲ. ‘ಕೋಳಿ ಅಂಕದ ಗುಂಡಿ: ಒಂದು, ತಾನೇ ಖಾಲಿಯಾಗುವಂಥದು. ಕಡಲ ಹುಂಜ: ನಾಲ್ಕು, ಕಂಚಿನ ಬಣ್ಣ.’

ಸಾಹೇಬರು ಕನ್ನಡಕ ಏರಿಸಿ ಓದಿದರು. “ಮುಂದಾಳತ್ವ ಮೂರು ಟನ್ನು! ಇಷ್ಟು ನಮ್ಮ ಇಡೀ ತಾಲೂಕಿನಲ್ಲಿ ಇಲ್ಲ ಮಾರಾಯ. ಈ ಕರಡು ಅಂದ್ರೆ ಎಂತದು?”

“ದೋಣಿಯ ನಕಾಶೆ ಸರ್. ಆರು ಅಡಿ ಉದ್ದದ ಕಾಗದ ಇರಬೇಕು.”

“ಆತು” ಎಂದು ಸಾಹೇಬರು ಸಹಿ ಹಾಕಿದರು.

ದೋಣಿಯಲ್ಲಿ ಇರುವವರು ಇಬ್ಬರೇ ಎಂಬುದು ಶಾಂತಾರಾಮನಿಗೆ ಗೊತ್ತಿರಲಿಲ್ಲವೆಂದಲ್ಲ. ಆದರೆ ಕಾಗದದಲ್ಲಿ ಬರೆದದ್ದನ್ನು ಕಣ್ಣಿಗೆ ಕಂಡದ್ದರ ಜೊತೆ ತಾಳೆ ನೋಡುವುದು ಅವನ ಮೇಜಿನ ಕೆಲಸವಾಗಿರಲಿಲ್ಲ.

ಹಾರ್ಡಿಂಗ್ ಮುಂದಿನ ಅಮಾವಾಸ್ಯೆಯ ದಿನ ಹೊರಡುತ್ತೇನೆಂದು ಅರ್ಜಿ ಕೊಟ್ಟ. ರಮಾನಂದ ಸಾಹೇಬರು ಧರ್ಮಭೀರು. ಪಾಪ, ಪರದೇಶಿಗಳು, ತಿಳಿಯದೆ ಅಮಾವಾಸ್ಯೆಯ ದಿನ ಕಡಲಿಗೆ ಬೀಳುತ್ತಿದ್ದಾರೆ ಎಂದು ಕನಿಕರಪಟ್ಟು, ಪಂಚಾಂಗ ತೆಗೆಸಿ, ಹತ್ತು ದಿನ ಮುಂದಿನ ದಶಮಿಗೆ ಪರವಾನಿಗೆ ಬರೆಸಿದರು. ಶಾಂತಾರಾಮ ಅದನ್ನು ಶುದ್ಧ ಕನ್ನಡದಲ್ಲಿ ಬರೆದು ಕೊಟ್ಟ. ಕನ್ನಡ ಬಾರದ ಹಾರ್ಡಿಂಗ್ ಅದರ ಮೇಲಿನ ಗುಂಡಗಿನ ಮೊಹರು ನೋಡಿ ಖುಷಿಯಾಗಿ ಕೈಕುಲುಕಿ ಹೋದ.

ಅಮಾವಾಸ್ಯೆಯ ಬೆಳಿಗ್ಗೆ ಶಾಂತಾರಾಮ ಕಚೇರಿಗೆ ಹೊರಟಾಗ ಹೆಂಡತಿ ನಾಗಮ್ಮ ಒಂದು ಡಬ್ಬಿ ತಂದು ಕೈಗಿಟ್ಟಳು. “ಬಾಳಂತಿ ಲೇಹ. ನೀವು ಹೇಳಿದ್ರಲ್ಲ, ನಾಕು ಹೆರಿಗೆ ಅಂತ. ಕಡಲ ಗಾಳಿಗೆ ಥಂಡಿ ಹಿಡೀತದೆ. ದಿನಾ ನೆಲ್ಲಿಕಾಯಷ್ಟು ತಿನ್ನೂಕೆ ಹೇಳಿ.”

“ದೋಣಿಲಿ ಹೆಂಗಸು ಒಬ್ಬಳೇ ಇರೂದು” ಎಂದ ಶಾಂತಾರಾಮ.

“ಒಬ್ಬಳಿಗೇ ನಾಕಾ? ಹಂಗಾದ್ರೆ ಇದೊಂದು ಡಬ್ಬಿ ಸಾಲೂದಿಲ್ಲ” ಎಂದಳು ನಾಗಮ್ಮ.

ಅವನು ಹೊನ್ನಾವರದಲ್ಲಿ ಬಸ್ಸಿಳಿದಾಗ ಹೊಳೆದಂಡೆಯಲ್ಲಿ ಸಂತೆಯಂತೆ ಜನ. ಅವನು ಕಳಿಸಿದ ಪ್ರತಿಗಳು ತಮ್ಮ ತಮ್ಮ ಊರು ತಲುಪಿ, ಹದವಾಗಿ ಹಣ್ಣಾಗಿ, ಆ ದಿನವೇ ಕೈಕಾಲು ಮೂಡಿಸಿಕೊಂಡು ಬಂದಿದ್ದವು. ಕುಮಟೆಯಿಂದ ಸೂಲಗಿತ್ತಿ ನರ್ಸ್ ಬಂಗಾರಮ್ಮ ಕರಿ ಚೀಲ ಹಿಡಿದು ಬಂದಿದ್ದಳು. ಅನಂತಮೂರ್ತಿ ಎಂಬ ಪೊಲೀಸ್ ಫೌಜದಾರ ಖಾಕಿ ಟೊಪ್ಪಿಗೆ ಸರಿಪಡಿಸಿಕೊಳ್ಳುತ್ತ ನಿಂತಿದ್ದ. ಅವನು ಮೈಸೂರು ಕಡೆಯವನು. ಈ ಸೀಮೆಗೆ ವರ್ಗವಾಗಿ ಬಂದು ಮೂರು ತಿಂಗಳಾಗಿತ್ತು, ಸಮುದ್ರದ ಮೇಲೆ ಇನ್ನೂ ನಂಬಿಕೆ ಬಂದಿರಲಿಲ್ಲ. ಹೊಳೆಯ ಆಚೆಯಿಂದ ಬಂದ ಲಾಂಚಿನಿಂದ ಮುಟ್ಟಳ್ಳಿಯ ಮಾಸ್ತಿ ಇಳಿದ. ಭಟ್ಕಳ ತಾಲೂಕಿನಲ್ಲಿ ಕೋಳಿ ಅಂಕದ ವಿಷಯದಲ್ಲಿ ಅವನ ಮಾತೇ ಕೊನೆ. ಅವನ ಕಂಕುಳಲ್ಲಿ ಒಂದು ಕೆಂಪು ಹುಂಜ.

“ಕಡಲ ಹುಂಜ ಬಂದದಂತಲ್ಲ ಗುಮಾಸ್ತ್ರೇ! ಬಸ್ಸಲ್ಲಿ ಎಲ್ಲರ ಬಾಯಲ್ಲೂ ಅದೇ ಸುದ್ದಿ. ಅದ್ಕೆ ರೆಕ್ಕೆ ಅದೆಯಾ, ಮೀನಿನ ಹಾಂಗೆ ಕಿವಿರು ಅದೆಯಾ?” ಎಂದು ಮಾಸ್ತಿ ಕೇಳಿದ. ಫೌಜದಾರ ಪಕ್ಕದಲ್ಲಿ ಇದ್ದುದು ಕಂಡ ಕೂಡಲೇ “ನಾ ಬರೀ ನೋಡೂಕೆ ಬಂದದ್ದು” ಎಂದು ಸೇರಿಸಿದ.

ಅಷ್ಟರಲ್ಲಿ ಬಿಳಿ ದೋಣಿಯ ಮೇಲೆ ಹಾರ್ಡಿಂಗ್ ಹಾಯಿಯ ಹಗ್ಗ ಬಿಚ್ಚುತ್ತಿರುವುದು ಕಾಣಿಸಿತು.

“ಓಡಿಹೋಗ್ತಾ ಇದ್ದಾನೆ!” ಎಂದ ಅನಂತಮೂರ್ತಿ. “ಏನ್ರೀ ಗುಮಾಸ್ತರೇ, ನೀವೇ ತಾನೇ ರಿಪೋರ್ಟು ಬರ್ದೋರು? ಬನ್ನಿ ನನ್ ಜೊತೆ. ಅವನ ಭಾಷೆ ನಂಗೆ ಹೇಳಿ, ನನ್ನ ಭಾಷೆ ಅವನಿಗೆ ಹೇಳಿ.”

ಶಾಂತಾರಾಮ ಬೇಡವೆನ್ನುವ ಮೊದಲೇ ಶುಕ್ರನ ಪಾತಿಯಲ್ಲಿ ಕೂತಾಗಿತ್ತು. ಬಂಗಾರಮ್ಮ ಕೂತಳು. ಕರೆಯದಿದ್ದರೂ ಮಾಸ್ತಿ, ಹುಂಜವನ್ನು ದಂಡೆಯಲ್ಲಿ ಯಾರ ಕೈಗೋ ಕೊಟ್ಟು, ಬಂದು ಕೂತ. ಶಾಂತಾರಾಮ ಕಣ್ಣು ಮುಚ್ಚಿ, ಲೇಹದ ಡಬ್ಬಿಯನ್ನು ಎದೆಗವಚಿಕೊಂಡ.

ದೋಣಿ ಹತ್ತಿದ ಮೇಲೆ ಮೊದಲ ಪಾಳಿ ಬಂಗಾರಮ್ಮನದು. “ಬಾಳಂತಿ ಎಲ್ಲಿ? ಮಕ್ಳೆಲ್ಲಿ?” ಎಂದು ಕೆಳಗಿಳಿದು ಹೋದಳು. ಹಾರ್ಡಿಂಗನ ಹೆಂಡತಿ ಬಹಳ ಸಂತೋಷದಿಂದ ನಾಲ್ಕು ಕಿರಿದಾದ ಹಾಸಿಗೆ ತೋರಿಸಿದಳು. ದೋಣಿ ಹೊರಳಿದಾಗ ಮಲಗಿದವರು ಉರುಳಿ ಬೀಳದ ಹಾಗೆ ಪ್ರತಿಯೊಂದರ ಪಕ್ಕಕ್ಕೂ ದಪ್ಪ ಬಟ್ಟೆಯ ಅಡ್ಡತಡೆ ಕಟ್ಟಿತ್ತು. ಬಂಗಾರಮ್ಮ ಅದನ್ನು ಕೈಯಿಂದ ಎಳೆದು ನೋಡಿ ಮೆಚ್ಚಿ, ಮೇಲೆ ಬಂದು ಶಾಂತಾರಾಮನ ಎದುರು ನಿಂತಳು. “ಇದು ಮಲಗೂ ಜಾಗ. ನಾಕು ಹೆರಿಗೆ ಅಂದ್ಕಂಡು ನಾ ಉಪವಾಸ ಬಸ್ ಹತ್ತಿ ಬಂದೆ. ಎಂತಾ ತರ್ಜುಮೆ ನಿಮ್ದು?”

“ಅವರ ಸ್ಪೆಲಿಂಗು...” ಎಂದ ಶಾಂತಾರಾಮ.

ಅನಂತಮೂರ್ತಿ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಅವನನ್ನು ನಿಜವಾಗಿ ಕರೆತಂದದ್ದು ಹುಂಜವಲ್ಲ, ತಲೆ. “ಬಾಗಿಲಿನ ಹಿಂದೆ ತಲೆ ಒಂದು ಅಂತ ಬರ್ದಿದೀರಿ. ಯಾರ ತಲೆ? ಕೇಳ್ರೀ ಅವನನ್ನ.”

ಶಾಂತಾರಾಮ ಕೇಳಿದ. ಹಾರ್ಡಿಂಗ್ ಸ್ವಲ್ಪ ಆಶ್ಚರ್ಯಪಟ್ಟರೂ, ತುರ್ತು ಇರಬಹುದೆಂದು ಮರ್ಯಾದೆಯಿಂದ ಕೆಳಗಿನ ಒಂದು ಸಣ್ಣ ಬಾಗಿಲು ತೋರಿಸಿದ. ಅನಂತಮೂರ್ತಿ ಇಳಿದುಹೋಗಿ ಬಾಗಿಲಿನ ಎದುರು ನಿಂತ. ಸತ್ತವನು ಯಾರೇ ಆಗಲಿ ಎಂದು ಟೊಪ್ಪಿಗೆ ತೆಗೆದು ಕಂಕುಳಲ್ಲಿಟ್ಟುಕೊಂಡ. ನಿಧಾನವಾಗಿ ಬಾಗಿಲು ತೆರೆದ. ಒಳಗೆ ಬೆಳ್ಳಗೆ ತೊಳೆದಿಟ್ಟ ಒಂದು ಸಂಡಾಸು ಇತ್ತು.

ಹಡಗಿನವರ ಬಾಯಲ್ಲಿ ‘ಹೆಡ್’ ಎಂದರೆ ಅದೇ. ಮಾಸ್ತಿ ಇಣುಕಿ ನೋಡಿ, “ದೋಣಿಯ ಒಳಗೇ!” ಎಂದು ಬೆರಗಾದ.

ಅನಂತಮೂರ್ತಿ ಮೇಲೆ ಬಂದಾಗ ಅವನ ಮುಖದಲ್ಲಿ ಹುಂಜಗಳನ್ನಾದರೂ ಬಿಡುವುದಿಲ್ಲ ಎಂಬ ಹಟ ಇತ್ತು. ಹಿಂಭಾಗದ ತಗ್ಗಿನಲ್ಲಿ ಕೂತು, “ಎಲ್ಲಿದೆ ಆ ಅಂಕದ ಗುಂಡಿ?” ಎಂದ.

ಹಾರ್ಡಿಂಗ್ ಅವನ ಕಾಲ ಕೆಳಗೇ ಬೆರಳು ತೋರಿಸಿದ. ಅನಂತಮೂರ್ತಿ ಚಂಗನೆ ಎದ್ದ. ಚುಕ್ಕಾಣಿ ಹಿಡಿಯುವವರು ಕೂರುವ ಆ ತಗ್ಗಿನ ತಳದಲ್ಲಿ ಎರಡು ತೂತುಗಳಿದ್ದವು.

“ತೂತು ಯಾಕೆ?”

“ರಕ್ತ ಹರಿದು ಹೋಗೂಕೆ” ಎಂದ ಮಾಸ್ತಿ, ಬಲ್ಲವನ ಗಾಂಭೀರ್ಯದಿಂದ. “ನಮ್ಮ ಬದಿ ಈ ವ್ಯವಸ್ಥೆ ಇಲ್ಲ. ಚಲೋ ಮಾಡ್ಯಾರೆ.”

“ಹುಂಜ ತೆಗೀರಿ ಹೊರಗೆ! ನಾಲ್ಕೂ ತೆಗೀರಿ!”

ಶಾಂತಾರಾಮ ಅದನ್ನು ಇಂಗ್ಲಿಷಿಗೆ ಹಾಕಿದ. ಹಾರ್ಡಿಂಗನ ಮುಖ ಬಿಳುಚಿತು. ಅವನ್ನು ತೆಗೆದರೆ ದೋಣಿ ಮುಳುಗುತ್ತದೆ ಎಂದ.

“ಕೋಳಿ ತೆಗೆದ್ರೆ ದೋಣಿ ಮುಳುಗತ್ತಾ?” ಅನಂತಮೂರ್ತಿಯ ದನಿ ಏರಿತು. “ಪೊಲೀಸರಿಗೆ ಬೆದರಿಕೆ ಹಾಕ್ತಾನೇನ್ರೀ?”

ಹಾರ್ಡಿಂಗನ ಹೆಂಡತಿ ನೆಲದ ಹಲಗೆಯೊಂದನ್ನು ಎತ್ತಿದಳು. ಮಾಸ್ತಿ ಮೊಣಕಾಲೂರಿ, ಬಾಯಿ ಹತ್ತಿರ ಕೈಯಿಟ್ಟು, “ಬಾ ಬಾ ಬಾ” ಎಂದು ಕರೆದ. ಯಾವ ಹುಂಜವೂ ಬರಲಿಲ್ಲ. ದೋಣಿಯ ಮೈಯಿಂದ ಒಳಕ್ಕೆ ಬಂದ ಒಂದು ಕೊಳವೆ, ಅದರ ಬಾಯಿಗೆ ಕಂಚಿನ ದಪ್ಪ ಹಿಡಿಕೆ. ಅವಳು ಅದನ್ನು ತಿರುಗಿಸಿದಳು: ನೀರು ಒಳಗೆ ಬಂತು. ಮತ್ತೆ ತಿರುಗಿಸಿದಳು: ನಿಂತಿತು.

ಶಾಂತಾರಾಮ ನೋಡುತ್ತ ನಿಂತ. ನಲ್ಲಿ! ಮೂರು ವರ್ಷದ ಕೂಸಿಗೂ ಗೊತ್ತಿರುವ ನಲ್ಲಿ. ಇನ್ನು ‘ಲೀಡ್’ ಏನಿರಬಹುದು, ‘ಡ್ರಾಫ್ಟ್’ ಏನಿರಬಹುದು ಎಂದು ತಾನು ಬರೆದ ಸಾಲುಗಳನ್ನು ಒಂದೊಂದಾಗಿ ಬೆರಳು ಮಡಚಿ ಎಣಿಸತೊಡಗಿದ.

“ಒಡೆಯಾ,” ಎಂದ ಶುಕ್ರ, ಪಾತಿಯಲ್ಲಿ ನಿಂತೇ, “ನಿಮ್ಮ ಪಂಚಾತಿಗೆ ಲಗೂ ಮುಗ್ಸಿ. ಹನ್ನೊಂದಕ್ಕೆ ಭರತ ತುಂಬ್ತದೆ. ಈ ದೋಣಿ ಇವತ್ತೇ ದಾಟ್ಕು.”

“ಇವತ್ತೇ ಎಂತಕೆ? ದಶಮಿಗೆ ಪರವಾನಿಗೆ ಆಗಿದೆಯಲ್ಲ” ಎಂದ ಶಾಂತಾರಾಮ.

“ದಶಮಿಗಾ?” ಶುಕ್ರ ನಗಲೂ ಇಲ್ಲ. “ಚುಕ್ಕಾಣಿ ಕೂರ್ಸೂಕೆ ನಾನೇ ಮುಳುಗಿ ಇದ್ರ ಅಡಿ ನೋಡಿದ್ದೆ. ಕೆಳಗೆ ಸೀಸದ್ದು ಒಂದು ದೊಡ್ಡ ರೆಕ್ಕೆ ಅದೆ. ದೋಣಿ ಎಷ್ಟು ಮಗ್ಚಿದ್ರೂ ಅದ್ರ ಭಾರ ಎಳ್ದು ಎದ್ದು ನಿಲ್ಲಿಸ್ತದೆ. ಆರಡಿ ನೀರು ಹಿಡೀತದೆ ಇದು, ಅಷ್ಟು ಆಳ ಇಲ್ದಿದ್ರೆ ತಳ ನೆಲಕ್ಕೆ ತಾಗ್ತದೆ. ದಶಮಿ ದಿನ ಅಳಿವೆಯಲ್ಲಿ ನಾಕಡಿ ನೀರಿದ್ರೆ ಹೆಚ್ಚು. ದೊಡ್ಡ ಭರತ ಬರೂದು ಅಮಾಸೆ, ಹುಣ್ಣಿಮೆಗೇ; ಇವತ್ತು ತಪ್ಪಿದ್ರೆ ಮುಂದಿನ ಹುಣ್ಣಿಮೆ. ಅಷ್ಟೊತ್ತಿಗೆ ಮಳೆಗಾಲ ಬಿತ್ತು, ತೆರೆ ಮನೆಯಷ್ಟು ಎತ್ರ. ಇವ್ರು ಇಲ್ಲೇ ಕೊಳೀಬೇಕು, ಇಲ್ಲಾ ಮರಳಿಗೆ ಬಡ್ದು ಒಡೀಬೇಕು.”

ಸೀಸ. ಆರಡಿ ನೀರು ಹಿಡಿಯುವುದು. ಹದಿನಾಲ್ಕು ವರ್ಷದ ನೌಕರಿ ಮತ್ತು ಒಂದು ಡಿಕ್ಷನರಿ ಕೊಡದಿದ್ದ ಶಬ್ದಗಳನ್ನು ಶುಕ್ರ ಪಾತಿಯಲ್ಲಿ ನಿಂತು, ಬೀಡಿ ಹಚ್ಚುತ್ತ ಕೊಟ್ಟಿದ್ದ.

“ಹುಂಜ ಇಲ್ದಿದ್ರೂ ಪರವಾಗಿಲ್ಲ,” ಎನ್ನುತ್ತಿದ್ದ ಅನಂತಮೂರ್ತಿ, “ರಿಪೋರ್ಟಲ್ಲಿ ಹುಂಜ ಇದೆ. ಮೇಲಿನಿಂದ ಉತ್ತರ ಬರೋ ತನಕ ದೋಣಿ ಅಲ್ಲಾಡೋ ಹಾಗಿಲ್ಲ.”

ಶಾಂತಾರಾಮನಿಗೆ ಹೆಡ್‌ಕ್ಲಾರ್ಕಿನ ಕುರ್ಚಿ ಕಣ್ಣೆದುರು ಬಂತು. ಅದರ ಬೆನ್ನಿಗೆ ಹೆಣೆದ ಬೆತ್ತ ಸಮೇತ. ಹಾರ್ಡಿಂಗನ ಹೆಂಡತಿ ನೆಲದ ಹಲಗೆಯನ್ನು ಮೆಲ್ಲಗೆ ಅದರ ಜಾಗಕ್ಕೆ ಕೂರಿಸುತ್ತಿದ್ದಳು. ತಾವು ಮಾಡಿದ ತಪ್ಪೇನೆಂದು ಅವಳಿಗಾಗಲಿ ಅವಳ ಗಂಡನಿಗಾಗಲಿ ಇನ್ನೂ ಗೊತ್ತಾಗಿರಲಿಲ್ಲ.

“ರಿಪೋರ್ಟು ತಪ್ಪು” ಎಂದ ಶಾಂತಾರಾಮ.

“ಯಾವುದು ತಪ್ಪು?”

“ಎಲ್ಲಾ. ಹುಂಜ ನಲ್ಲಿ. ಗುಂಡಿ ಕೂರುವ ಜಾಗ; ತೆರೆಯ ನೀರು ಬಿದ್ದರೆ ತಾನೇ ಹರಿದು ಹೋಗಲಿಕ್ಕೆ ಆ ತೂತು. ಮುಂದಾಳತ್ವ ಅಂದ್ರೆ ಸೀಸ. ಹೆರಿಗೆ ಹಾಸಿಗೆ.” ಸ್ವಲ್ಪ ತಡೆದು, “ತಲೆ ನೀವು ನೋಡಿದ್ರಲ್ಲ” ಎಂದ.

ಅನಂತಮೂರ್ತಿ ಟೊಪ್ಪಿಗೆಯನ್ನು ಮತ್ತೆ ತಲೆಗಿಟ್ಟುಕೊಂಡ. “ಬಾಯಿಮಾತು ನಡೆಯಲ್ಲ. ಬರ್ದು ಸಹಿ ಹಾಕಿ ಕೊಡಿ.”

ಆದರೆ ದಿನ ಬದಲಾಯಿಸುವ ಅಧಿಕಾರ ಫೌಜದಾರನಿಗೆ ಇರಲಿಲ್ಲ. ಅಧಿಕಾರವಿದ್ದ ರಮಾನಂದ ಸಾಹೇಬರು ದಂಡೆಯಲ್ಲಿ ಕೊಡೆ ಹಿಡಿದು ನಿಂತಿದ್ದರು, ಇಡೀ ಪೇಟೆಯ ನಡುವೆ. ಶಾಂತಾರಾಮ ದೋಣಿಯ ಅಂಚಿಗೆ ಬಂದು ಎರಡೂ ಕೈ ಬಾಯಿಗೆ ಹಿಡಿದು ಕೂಗಿದ:

“ಸರ್! ಕರಡು ತಪ್ಪು! ದೋಣಿ ಆರಡಿ ನೀರು ಹಿಡೀತದೆ! ಇವತ್ತೇ ಹೋಗಬೇಕು!”

“ಅಮಾವಾಸ್ಯೆ!” ಎಂದು ಸಾಹೇಬರೂ ಕೂಗಿದರು. “ತಪ್ಪು ಯಾರದ್ದು?”

ದಂಡೆಯಲ್ಲಿ ಎಲ್ಲರೂ ಕಿವಿಗೊಟ್ಟು ನಿಂತರು. ಮೀನಿನ ಬುಟ್ಟಿ ಹೊತ್ತವರೂ ನಿಂತರು.

“ನಂದು, ಸರ್!”

ಸಾಹೇಬರು ಕೊಡೆಯನ್ನು ಮಡಚಿದರು, ಬಿಚ್ಚಿದರು, ಕೊನೆಗೆ ಅದರಿಂದಲೇ ಅಳಿವೆಯ ಕಡೆ ತೋರಿಸಿ ಹೋಗಲಿ ಎಂಬಂತೆ ಸನ್ನೆ ಮಾಡಿದರು.

ಶಾಂತಾರಾಮ ಕೆಳಗಿಳಿದು, ಹಾರ್ಡಿಂಗ್ ನಕಾಶೆ ಹರಡುವ ಮೇಜಿನ ಮುಂದೆ ಕೂತು ತಿದ್ದುಪಡಿ ಬರೆಯತೊಡಗಿದ. ಮೊದಲ ಪ್ರತಿ ಹಿಡಿದು ಅನಂತಮೂರ್ತಿ ಇನ್ನೊಂದು ದೋಣಿಯಲ್ಲಿ ದಂಡೆಗೆ ಹೋದ. ಅವನ ಜೊತೆ ಮಾಸ್ತಿ, ಇಷ್ಟು ದೂರ ಬಂದು ಒಂದು ನಲ್ಲಿ ನೋಡಿದೆನಲ್ಲ ಎಂಬ ದುಃಖದಲ್ಲಿ ಹೋದ. ಬಂಗಾರಮ್ಮ ಹೋಗುವ ಮೊದಲು ಲೇಹದ ಡಬ್ಬಿ ತೆರೆದು ಮೂಸಿ, “ಬಾಳಂತಿಯಲ್ದಿದ್ರೂ ತಿನ್ನೂಕಡ್ಡಿಲ್ಲ, ಬೆನ್ನು ನೋವಿಗೆ ಒಳ್ಳೇದು” ಎಂದು ಹಾರ್ಡಿಂಗನ ಹೆಂಡತಿಯ ಬೆನ್ನು ಮುಟ್ಟಿ ತೋರಿಸಿ ಕೊಟ್ಟಳು. ಆದರೆ ಶಾಂತಾರಾ‍ಮ ಎದ್ದಿರಲಿಲ್ಲ. ತಪ್ಪು ನಾಲ್ಕು ಪ್ರತಿಯಲ್ಲಿ ಹೋಗಿದೆ ಎಂದಮೇಲೆ ತಿದ್ದುಪಡಿಯೂ ನಾಲ್ಕು ಪ್ರತಿಯಲ್ಲೇ ಆಗಬೇಕು. ಮೂರನೆಯದರ ಅರ್ಧಕ್ಕೆ ಬಂದಾಗ ಮೇಜು ಓರೆಯಾಯಿತು.

ಅವನು ತಲೆ ಎತ್ತಿದ. ಕಿಟಕಿಯಲ್ಲಿ ಹೊನ್ನಾವರ ಹಿಂದಕ್ಕೆ ಹೋಗುತ್ತಿತ್ತು.

ಮೇಲೆ ಓಡಿ ಬಂದರೆ, ಹಾಯಿ ತುಂಬಿದೆ. ಶುಕ್ರ ಮುಂದೆ ನಿಂತು ಕೈಸನ್ನೆ ಮಾಡುತ್ತಿದ್ದಾನೆ. ಅವನ ಪಾತಿ ಹಿಂದೆ ಹಗ್ಗಕ್ಕೆ ಕಟ್ಟಿಕೊಂಡು ಬರುತ್ತಿದೆ. “ನನ್ನ ಇಳಿಸಿ!” ಎಂದ ಶಾಂತಾರಾಮ. “ಈಗಲಾ? ಕೂತ್ಕಣಿ” ಎಂದ ಶುಕ್ರ. ಶಾಂತಾರಾಮ ಆ ತಗ್ಗಿನಲ್ಲಿ ಕುಸಿದು ಕೂತ.

ಅಳಿವೆಯ ಬಾಯಿಗೆ ಬಂದಾಗ ದೋಣಿ ಒಂದು ಮಗ್ಗುಲಿಗೆ ಎಷ್ಟು ವಾಲಿತೆಂದರೆ ಶಾಂತಾರಾಮ ಕನ್ನಡ ಮರೆತು ಇಷ್ಟದೇವರನ್ನು ಶುದ್ಧ ಕೊಂಕಣಿಯಲ್ಲಿ ಕೂಗಿದ. ಅಡಿಯಿಂದ ಯಾರೋ ಹಿಡಿದು ಎಳೆದ ಹಾಗೆ ಅದು ಮತ್ತೆ ನೆಟ್ಟಗಾಯಿತು. ಎದುರಿನ ತೆರೆ ಒಡೆದು ಒಂದು ಕೊಪ್ಪರಿಗೆಯಷ್ಟು ನೀರು ಅವನ ಮಡಿಲಿಗೇ ಬಿತ್ತು, ಸೊಂಟದವರೆಗೆ ನಿಂತಿತು, ಗುಳುಗುಳು ಸದ್ದು ಮಾಡುತ್ತ, ಅವನು ನೋಡುತ್ತಿದ್ದಂತೆ, ಕಾಲಬುಡದ ತೂತುಗಳಲ್ಲಿ ಹರಿದು ಹೋಯಿತು. ಬಾಗಿಲಿನಿಂದ ಒಳಗೆ ನೋಡಿದ. ಇಡೀ ದೋಣಿ ಓರೆಯಾಗಿತ್ತು. ಒಲೆ ಮಾತ್ರ ಎರಡು ಕೀಲಿನ ಮೇಲೆ ತೂಗುತ್ತ ನೆಟ್ಟಗೆ ನಿಂತಿತ್ತು, ಅದರ ಮೇಲಿನ ಕೆಟಲಿನಿಂದ ಒಂದು ತೊಟ್ಟೂ ಚೆಲ್ಲಿರಲಿಲ್ಲ. ತಾನು ಕಣ್ಣು ತೆರೆದೇ ಇದ್ದೇನೆ ಎಂಬುದು ಶಾಂತಾರಾಮನಿಗೆ ಆಮೇಲೆ ಹೊಳೆಯಿತು. ಹಾರ್ಡಿಂಗನ ಹೆಂಡತಿ ಅವನ ಕೈಗೆ ಚಹದ ಬಟ್ಟಲು ಕೊಟ್ಟಳು.

ಹೆಡ್‌ಕ್ಲಾರ್ಕ್ ಹುದ್ದೆ ಆ ವರ್ಷ ಬೇರೆ ಊರಿನಿಂದ ಬಂದ ಒಬ್ಬನಿಗೆ ಹೋಯಿತು. ಶಾಂತಾರಾಮನಿಗೆ ಮೇಲಿನಿಂದ ಒಂದು ಕಾಗದ ಬಂತು, ಇಂಗ್ಲಿಷಿನಲ್ಲಿ. ಅದನ್ನು ಅವನು ಯಾರಿಗೂ ತರ್ಜುಮೆ ಮಾಡಿ ಹೇಳಲಿಲ್ಲ. ಆದರೆ ಅದೆಲ್ಲ ಆಮೇಲಿನ ಮಾತು. ಆ ಹೊತ್ತಿಗೆ ಅವನು ಅಳಿವೆಯ ಆಚೆ, ತಣ್ಣಗಿದ್ದ ಕಡಲ ಮೇಲೆ, ಶುಕ್ರನ ಪಾತಿಗೆ ಇಳಿದು ಕೂತಿದ್ದ. ಹಗ್ಗ ಬಿಚ್ಚಿದರು. ಬಿಳಿ ದೋಣಿ ತೆಂಕಣಕ್ಕೆ ತಿರುಗಿತು. ಹಾರ್ಡಿಂಗ್ ಎದ್ದು ನಿಂತು ಕೈ ಬೀಸಿ ಏನನ್ನೋ ಕೂಗಿದ. ಗಾಳಿ ಆ ಮಾತನ್ನು ಹೊತ್ತುಕೊಂಡು ಹೋಯಿತು.

“ಎಂತ ಹೇಳ್ದ?” ಎಂದು ಶುಕ್ರ ಕೇಳಿದ.

ಶಾಂತಾರಾಮ ಬಾಯಿ ತೆರೆದ, ಮುಚ್ಚಿದ. “ಗೊತ್ತಾಗ್ಲಿಲ್ಲ ಮಾರಾಯ” ಎಂದ.

“ನಂಗೆ ಗೊತ್ತಾತು” ಎಂದ ಶುಕ್ರ, ಹುಟ್ಟು ಹಾಕುತ್ತ. “ಹೋಗಿ ಬತ್ತೆ ಅಂದ.”